‘ವ್ಯಾಪಾರ’ದ ಆಟದಾಗ ಗಿರಾಕಿ ಎಲ್ಲದಾನ?

ಬೇಸಿಗೆ ರಜೆ ಶುರುವಾಯಿತೆಂದರೆ ಸೋಲಾಪುರದ ಮನೆಗಳಲ್ಲಿ ಒಂದು ಹಳೆಯ ಡಬ್ಬಿ ಅಟ್ಟದಿಂದ ಕೆಳಗಿಳಿಯುತ್ತದೆ. ಮರಾಠಿಯಲ್ಲಿ ‘ನವಾ ವ್ಯಾಪಾರ’ ಎಂದೋ ಇಂಗ್ಲಿಷಿನಲ್ಲಿ ‘ಬಿಸಿನೆಸ್’ ಎಂದೋ ಅದರ ಮೇಲೆ ಬರೆದಿರುತ್ತದೆ. ನಮ್ಮ ಮಕ್ಕಳ ಬಾಯಲ್ಲಿ ಮಾತ್ರ ಅದು ಬರೀ ‘ವ್ಯಾಪಾರ’. ಅಕ್ಕಲಕೋಟ, ಜತ್ತದ ಕನ್ನಡ ಮನೆಗಳಲ್ಲೂ ಇದೇ ಕತೆ. ಹೊರಗೆ ಕಾಲಿಡಲಾಗದ ಬಿಸಿಲು. ಒಳಗೆ ಪಡಸಾಲೆಯಲ್ಲಿ ಹಲಗೆ ಹರಡಿಕೊಂಡು ನಾಲ್ಕೈದು ಹುಡುಗರು ಕಾಗದದ ನೋಟು ಎಣಿಸುತ್ತ ಕೂತಿರುತ್ತಾರೆ. ಒಬ್ಬ ಮುಂಬೈ ಕೊಂಡಿರುತ್ತಾನೆ, ಇನ್ನೊಬ್ಬ ದೆಹಲಿ. ಬೆಂಗಳೂರು ಕೈತಪ್ಪಿತೆಂದು ಮತ್ತೊಬ್ಬನ ಮುಖ ಸಣ್ಣದಾಗಿರುತ್ತದೆ. ಸಂಜೆ ಹೊತ್ತಿಗೆ ಎಲ್ಲರಿಗಿಂತ ಸಣ್ಣದು ಅಳುವುದು ಖಚಿತ.

ಈ ಸಲದ ರಜೆಯಲ್ಲಿ ನಮ್ಮ ಮನೆಯಲ್ಲೂ ಹಾಗೇ ಆಯಿತು. ಆಗ ನನ್ನ ಸೋದರತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಮಕ್ಕಳು ಅವರನ್ನು ಆಯಿ ಎಂದೇ ಕರೆಯುತ್ತಾರೆ. ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದ ಹೆಣ್ಣುಮಗಳು. ಓದು ಅಷ್ಟಕ್ಕಷ್ಟೆ, ಲೆಕ್ಕ ಮಾತ್ರ ಬಾಯಲ್ಲೇ.

‘‘ಏನ ಆಡಾಕತ್ತೀರಿ?’’ ಎಂದು ಕೇಳಿದರು.

‘‘ವ್ಯಾಪಾರ, ಆಯಿ. ಇಂವ ಮುಂಬೈ ತಗೊಂಡಾನ, ಮ್ಯಾಲ ಹೋಟೆಲ್ ಕಟ್ಯಾನ. ಯಾರರೆ ಅಲ್ಲಿ ಬಂದ್ರ ಬಾಡಿಗಿ ಕೊಡಬೇಕು.’’

‘‘ಹೌದೇನು? ಹಂಗಾರ ಇದರಾಗ ಗಿರಾಕಿ ಎಲ್ಲದಾನ?’’

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ಹಲಗೆ ನೋಡಿದೆ. ಊರುಗಳಿದ್ದವು, ರೈಲು ಇತ್ತು, ವಿದ್ಯುತ್ ಕಂಪನಿ ಇತ್ತು, ಜೈಲು ಇತ್ತು, ಆದಾಯ ತೆರಿಗೆಯ ಮನೆಯೂ ಇತ್ತು. ಗಿರಾಕಿ ಮಾತ್ರ ಎಲ್ಲೂ ಇರಲಿಲ್ಲ.

ಎರಡು ತಲೆಮಾರಿನಿಂದ ನಾವು ‘ವ್ಯಾಪಾರ’ ಎಂದು ಕರೆಯುತ್ತ ಬಂದ ಆಟದಲ್ಲಿ ಸರಕಿಲ್ಲ, ತೂಕವಿಲ್ಲ, ಉದ್ರಿಯಿಲ್ಲ. ಇವತ್ತು ನಿಮ್ಮ ಅಂಗಡಿಗೆ ಬಂದವನು ನಾಳೆ ಎದುರಂಗಡಿಗೆ ಹೋದಾನೆಂಬ ಅಂಜಿಕೆಯೂ ಇಲ್ಲ. ದಾಳ ಯಾರನ್ನು ಎಲ್ಲಿ ತಂದು ನಿಲ್ಲಿಸುತ್ತದೋ ಅಲ್ಲಿ ರೊಕ್ಕ ಎಣಿಸಬೇಕು. ಕೊಡುವವನಿಗೆ ಬೇರೆ ದಾರಿಯಿಲ್ಲ, ತೆಗೆದುಕೊಳ್ಳುವವನಿಗೆ ಬೇರೆ ಕೆಲಸವಿಲ್ಲ. ಮೊದಲು ಜಾಗ ಹಿಡಿದವನು ಕೂತಲ್ಲೇ ದೊಡ್ಡವನಾಗುತ್ತಾನೆ. ಇದಕ್ಕೆ ನಮ್ಮ ಹಿರಿಯರು ಬಾಡಿಗೆ ತಿನ್ನುವುದು ಅಂದರೇ ಹೊರತು ವ್ಯಾಪಾರ ಅನ್ನಲಿಲ್ಲ.

ಆಟ ಆಟವೇ, ಇದಕ್ಕೇಕೆ ಇಷ್ಟು ತಲೆಬಿಸಿ ಎಂದು ಕೇಳುವವರಿದ್ದಾರೆ. ಸೋಲಾಪುರದಿಂದ ವಿಜಯಪುರದ ಕಡೆಗೋ ಹೈದರಾಬಾದಿನ ಕಡೆಗೋ ಹೆದ್ದಾರಿ ಹಿಡಿದು ಸ್ವಲ್ಪ ದೂರ ಹೋಗಿ ಬನ್ನಿ. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲದಲ್ಲಿ ಪ್ಲಾಟಿನ ಕಲ್ಲು ನೆಟ್ಟಿರುವುದು ಕಾಣುತ್ತದೆ. ನಮ್ಮ ಹುಡುಗರಿಗೆ ಇಪ್ಪತ್ತೈದು ತುಂಬುವುದರೊಳಗೆ ಬರುವ ದೊಡ್ಡ ಕನಸು ಅಂಗಡಿಯದಲ್ಲ, ಮಗ್ಗದ್ದಲ್ಲ, ಪ್ಲಾಟಿನದು. ಒಂದು ತಗೊಂಡು ಇಡಬೇಕು, ರಸ್ತೆ ಬಂದಮೇಲೆ ಮಾರಬೇಕು. ತಪ್ಪೆಂದು ನಾನು ಹೇಳುತ್ತಿಲ್ಲ, ಉಳಿತಾಯಕ್ಕೆ ಜನ ದಾರಿ ಹುಡುಕಲೇಬೇಕು. ಆದರೆ ಅಪ್ಪನ ಅಂಗಡಿಯ ಗಲ್ಲಾದಲ್ಲಿ ಕೂರಲು ನಾಚುವ ಹುಡುಗ ಪ್ಲಾಟಿನ ದಲಾಲಿಯನ್ನೇ ‘ಬಿಸಿನೆಸ್’ ಎಂದು ಎದೆಯುಬ್ಬಿಸಿ ಹೇಳುವಾಗ, ಆ ಪದದ ಅರ್ಥ ಅವನಿಗೆ ಚಿಕ್ಕಂದಿನಲ್ಲಿ ಎಲ್ಲಿಂದ ಬಂತು ಎಂದು ಯೋಚನೆ ಬರುತ್ತದೆ. ಎಲ್ಲ ತಪ್ಪನ್ನೂ ಆ ಬಡ ಡಬ್ಬಿಯ ಮೇಲೆ ಹೊರಿಸುವುದು ನ್ಯಾಯವಲ್ಲ, ನಿಜ. ಆದರೂ ರಜೆಯುದ್ದಕ್ಕೂ ಕಲಿತ ಪಾಠ ಪಾಠವೇ.

ತಮಾಷೆಯೆಂದರೆ, ಆಯಿಗೆ ಹೊಳೆದ ಸಂಶಯ ಈ ಆಟ ಹುಟ್ಟಿಸಿದ ಹೆಣ್ಣುಮಗಳಿಗೂ ಇತ್ತು. ನಮ್ಮ ‘ವ್ಯಾಪಾರ’ಕ್ಕೆ ಮೂಲ ಅಮೆರಿಕದ ‘ಮೊನಾಪಲಿ’. ಮೊನಾಪಲಿಗೂ ಮೂಲವೊಂದಿದೆ, ಅದರ ಹೆಸರು ‘ಲ್ಯಾಂಡ್‌ಲಾರ್ಡ್ಸ್ ಗೇಮ್’, ಅಂದರೆ ಜಮೀನುದಾರನ ಆಟ. ಎಲಿಜಬೆತ್ ಮೇಗಿ ಎಂಬ ಸ್ಟೆನೋಗ್ರಾಫರ್ ಅದಕ್ಕೆ 1903ರಲ್ಲಿ ಪೇಟೆಂಟ್ ಅರ್ಜಿ ಹಾಕಿ 1904ರ ಜನವರಿಯಲ್ಲಿ ಪಡೆದರು. ಆಕೆ ಹೆನ್ರಿ ಜಾರ್ಜ್ ಎಂಬ ಅರ್ಥಶಾಸ್ತ್ರಜ್ಞನ ಅನುಯಾಯಿ. ಊರು ಬೆಳೆದಂತೆ ಜಾಗದ ಬೆಲೆ ಏರುತ್ತದೆ, ಆ ಏರಿಕೆಗೆ ಮಾಲೀಕನ ದುಡಿಮೆ ಕಾರಣವಲ್ಲ, ಇಡೀ ಊರು ಕಾರಣ, ಆದ್ದರಿಂದ ತೆರಿಗೆ ಹಾಕುವುದಾದರೆ ದುಡಿಮೆಯ ಮೇಲೆ ಹಾಕಬೇಡಿ, ಜಮೀನಿನ ಬಾಡಿಗೆಯ ಮೇಲೆ ಹಾಕಿ ಎಂಬುದು 1879ರಲ್ಲಿ ಬಂದ ಆತನ ಪುಸ್ತಕದ ವಾದ. ರಸ್ತೆ ಬಂದಮೇಲೆ ಪ್ಲಾಟಿನ ಬೆಲೆ ಏಕೆ ಏರುತ್ತದೆಂದು ನಮ್ಮ ಹುಡುಗರಿಗೆ ಕೇಳಿದರೆ ಈ ವಾದದ ಅರ್ಧ ಭಾಗ ಅವರೇ ಹೇಳಿಬಿಡುತ್ತಾರೆ.

ಮೇಗಿ ಈ ವಾದವನ್ನು ಭಾಷಣ ಮಾಡಿ ಹೇಳುವ ಬದಲು ಹಲಗೆಯ ಮೇಲೆ ಬಿಡಿಸಿದರು. ಮುಂದೆ ಆ ಆಟಕ್ಕೆ ಎರಡು ಬಗೆಯ ನಿಯಮ ಬಂದವು. ಒಂದರಲ್ಲಿ ಎಲ್ಲವನ್ನೂ ಹಿಡಿದು ಉಳಿದವರನ್ನು ದಿವಾಳಿ ತೆಗೆದವನು ಗೆಲ್ಲುತ್ತಾನೆ. ಇನ್ನೊಂದರಲ್ಲಿ ಜಾಗದ ಬಾಡಿಗೆ ಸಾರ್ವಜನಿಕ ಖಜಾನೆಗೆ ಹೋಗುತ್ತದೆ. ಎಲ್ಲರಿಗಿಂತ ಬಡವನಾದ ಆಟಗಾರನ ರೊಕ್ಕ ಶುರುವಿನಲ್ಲಿದ್ದುದರ ಎರಡು ಪಟ್ಟು ಆದಾಗ ಆಟ ಮುಗಿಯುತ್ತದೆ, ಎಲ್ಲರೂ ಗೆದ್ದಂತೆ. ಮೊದಲನೆಯದು ಎಚ್ಚರಿಕೆ, ಎರಡನೆಯದು ಆಕೆಯ ಆಸೆ. ಲೋಕಕ್ಕೆ ರುಚಿಸಿದ್ದು ಮೊದಲನೆಯದೇ! ಕೈಯಿಂದ ಕೈಗೆ ಹರಡಿದ ಆ ಆಟಕ್ಕೆ ಅಟ್ಲಾಂಟಿಕ್ ಸಿಟಿಯ ಜನ ತಮ್ಮೂರ ಬೀದಿಗಳ ಹೆಸರಿಟ್ಟುಕೊಂಡಿದ್ದರು. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡಿದ್ದ ಚಾರ್ಲ್ಸ್ ಡಾರೋ ಎಂಬಾತ ಅದನ್ನು ತನ್ನದೆಂದು 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿ ಕೋಟ್ಯಧೀಶನಾದ. ಮೇಗಿಯ ಪೇಟೆಂಟನ್ನು ಅದೇ ಕಂಪನಿ ಕೊಂಡದ್ದು 500 ಡಾಲರಿಗೆ.

ಈ ಕತೆ ಹೊರಬಿದ್ದದ್ದೂ ಒಂದು ಜಗಳದಿಂದಲೇ. 1973ರಲ್ಲಿ ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ‘ಆಂಟಿ ಮೊನಾಪಲಿ’ ಎಂಬ ಆಟ ತಂದರು. ಹೆಸರಿಗಾಗಿ ವ್ಯಾಜ್ಯ ಬಂತು. ವ್ಯಾಜ್ಯಕ್ಕೆ ಸಾಕ್ಷಿ ಹುಡುಕುತ್ತ ಹೋದಾಗ ಅವರಿಗೆ ಮೇಗಿ ಸಿಕ್ಕರು. 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲವಾಗಿ ಕೆಳಗಿನ ತೀರ್ಪು ಅವರ ಪರವಾಗಿಯೇ ಉಳಿಯಿತು.

ಇಷ್ಟಾದರೂ ಮೊನಾಪಲಿಯನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ನಾವು ಅದನ್ನು ಸರಿಯಾಗಿ ಆಡುವುದೂ ಇಲ್ಲ. ಅದರ ಮೂಲ ನಿಯಮದ ಪ್ರಕಾರ, ಒಬ್ಬ ತಾನು ಬಂದು ನಿಂತ ಜಾಗವನ್ನು ಕೊಳ್ಳಲಿಲ್ಲವೆಂದರೆ ಬ್ಯಾಂಕು ಅದನ್ನು ಆಗಲೇ ಹರಾಜಿಗೆ ಇಡಬೇಕು. ಎಷ್ಟು ಮನೆಗಳಲ್ಲಿ ಹೀಗೆ ಆಡುತ್ತಾರೆ? ನಾನು ಕಂಡಂತೆ ಒಂದರಲ್ಲೂ ಇಲ್ಲ. ‘‘ಬ್ಯಾಡಂದ್ರ ಬಿಡು, ಮುಂದಿನವನ ದಾಳ’’ ಎಂದುಬಿಡುತ್ತೇವೆ. ಅಡತಿ ಅಂಗಡಿಯ ಮುಂದೆ ಸವಾಲು ಕೂಗುವುದನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಆ ಆಟದಲ್ಲಿದ್ದ ಒಂದೇ ಒಂದು ಪೇಟೆಯ ಗುಣವನ್ನೂ ನಾವೇ ಕಿತ್ತು ಹಾಕಿದ್ದೇವೆ. ಹರಾಜು ಇದ್ದರೆ ಹೆಚ್ಚು ಕೊಟ್ಟು ಸುಟ್ಟುಕೊಳ್ಳುವುದು ಹೇಗೆ, ಎದುರಿನವನ ಕೈಯಲ್ಲಿ ಎಷ್ಟಿದೆಯೆಂದು ಮುಖ ನೋಡಿ ಅಳೆಯುವುದು ಹೇಗೆ, ಇವೆಲ್ಲ ತಾನಾಗಿ ಬರುತ್ತವೆ. ಆಟವೂ ಬೇಗ ಮುಗಿಯುತ್ತದೆ.

ನಿಜವಾದ ವ್ಯಾಪಾರದ ವಾಸನೆ ಇರುವ ಆಟಗಳೂ ಲೋಕದಲ್ಲಿ ಬಂದಿವೆ. ಪುಣೆಯಲ್ಲಿ ಕೆಲಸದಲ್ಲಿರುವ ನಮ್ಮ ಅಳಿಯ ರಜೆಗೆ ಬಂದಾಗ ಒಂದನ್ನು ತಂದಿದ್ದ. ಹೆಸರು ‘ಬ್ರಾಸ್’. ಮಾರ್ಟಿನ್ ವಾಲೇಸ್ ಎಂಬ ಇಂಗ್ಲಿಷಿನವರು ರಚಿಸಿದ್ದು, 2007ರಲ್ಲಿ ಮೊದಲು ಬಂತು. ಹಲಗೆಯ ಮೇಲೆ ಇರುವುದು ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆ, ಕಾಲ 1770ರಿಂದ 1870. ಆಡುವವರು ಹತ್ತಿ ಗಿರಣಿ, ಕಲ್ಲಿದ್ದಲ ಗಣಿ, ಕಬ್ಬಿಣದ ಕಾರ್ಖಾನೆ, ಬಂದರು ಕಟ್ಟುತ್ತಾರೆ. ಮೊದಲರ್ಧ ಕಾಲುವೆಗಳ ಕಾಲ, ಎರಡನೆಯ ಅರ್ಧ ರೈಲಿನ ಕಾಲ.

ನಾನು ಮೊದಲು ಕುತೂಹಲಕ್ಕೆ ಕೂತೆ. ಅರ್ಧ ತಾಸಿನೊಳಗೆ ನನಗೆ ಲ್ಯಾಂಕಶೈರ್ ಮರೆತು ಸೋಲಾಪುರವೇ ಕಾಣಿಸತೊಡಗಿತು. ನಮ್ಮೂರಿಗೆ ರೈಲು ಬಂದದ್ದು 1860ರಲ್ಲಿ, ಮೊದಲ ಬಟ್ಟೆ ಗಿರಣಿ 1877ರಲ್ಲಿ. ಇಂದಿಗೂ ಜನ ಅದನ್ನು ‘ಜುನಿ ಮಿಲ್’ ಎಂದೇ ನೆನೆಯುತ್ತಾರೆ. ಲ್ಯಾಂಕಶೈರಿಗೂ ನಮಗೂ ಬೇರೆ ನಂಟೂ ಉಂಟು. 1861ರಿಂದ 65ರ ವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಗಿರಣಿದಾರರು ಧಾರವಾಡ ಸೀಮೆಯ ಹತ್ತಿಯ ಮೇಲೆ ಕಣ್ಣಿಟ್ಟಿದ್ದರು.

ಈ ಆಟದಲ್ಲಿ ಗಿರಾಕಿ ಇದ್ದಾನೆ. ಹೇಗೆಂದರೆ, ನೀವು ಕಲ್ಲಿದ್ದಲ ಗಣಿ ತೆಗೆದರೆ ಅಷ್ಟಕ್ಕೇ ನಿಮಗೆ ಆದಾಯ ಬರುವುದಿಲ್ಲ. ಗಣಿಯ ಮೇಲಿಟ್ಟ ಕಲ್ಲಿದ್ದಲು ಪೂರ್ತಿ ಖಾಲಿಯಾಗಬೇಕು, ಆಮೇಲೆ ನಿಮ್ಮ ಆದಾಯ ಏರುತ್ತದೆ. ಖಾಲಿ ಮಾಡುವವರು ಯಾರು? ಬಹಳ ಸಲ ನಿಮ್ಮ ಎದುರಾಳಿಯೇ. ಅವನು ಗಿರಣಿ ಕಟ್ಟಲು, ರೈಲು ಹಾಕಲು ನಿಮ್ಮ ಕಲ್ಲಿದ್ದಲು ಬಳಸಿದರೆ ಅವನಿಗೂ ಕೆಲಸವಾಯಿತು, ನಿಮಗೂ ಆದಾಯವಾಯಿತು. ಬಂದರಿನ ಕತೆಯೂ ಹಾಗೇ. ನನ್ನ ಗಿರಣಿಯ ನೂಲು ನಿಮ್ಮ ಬಂದರಿನಿಂದ ಸಾಗಿದರೆ ಇಬ್ಬರಿಗೂ ಲಾಭ. ಹಾಗಂತ ಧರ್ಮಛತ್ರವೇನಲ್ಲ. ನೀವು ಹೊಂಚಿ ಇಟ್ಟ ಬಂದರನ್ನು ನಿಮಗಿಂತ ಮೊದಲು ನಾನು ಬಳಸಿಬಿಟ್ಟರೆ ನಿಮ್ಮ ಗಿರಣಿ ಬಾಯಿ ಬಿಟ್ಟುಕೊಂಡು ಕೂರಬೇಕಾದೀತು. ಆದರೆ ಎದುರಾಳಿಯನ್ನು ದಿವಾಳಿ ತೆಗೆದು ಗೆಲ್ಲುವ ಆಟವಲ್ಲ ಅದು, ಅವನು ನಡೆಯದೆ ನಿಮ್ಮದೂ ನಡೆಯದು.

ಸಾಲದ ನಿಯಮ ನನಗೆ ಬಹಳ ಹಿಡಿಸಿತು. ಬ್ಯಾಂಕಿನಿಂದ ಎಷ್ಟು ಬೇಕೋ ಅಷ್ಟು ಎತ್ತಲು ಬರುವುದಿಲ್ಲ. ಹತ್ತು, ಇಪ್ಪತ್ತು, ಮೂವತ್ತು ಪೌಂಡ್, ಇಷ್ಟೇ ಲೆಕ್ಕ. ತೆಗೆದುಕೊಂಡ ಕೂಡಲೆ ನಿಮ್ಮ ಆದಾಯದ ಮಟ್ಟ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಸಾಲ ಮಾಡದವನು ಬೆಳೆಯುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದವನು ಏಳುವುದಿಲ್ಲ. ಪವರ್‌ಲೂಮ್ ಹಾಕಿಕೊಂಡ ಯಾವ ಮನೆಯವರನ್ನು ಕೇಳಿದರೂ ಇದನ್ನೇ ಹೇಳಿಯಾರು. ಹಿಂದಿನ ಸುತ್ತಿನಲ್ಲಿ ಕಡಿಮೆ ಖರ್ಚು ಮಾಡಿದವನಿಗೆ ಮುಂದಿನ ಸುತ್ತಿನಲ್ಲಿ ಮೊದಲ ಆಟ ಎಂಬ ನಿಯಮವೂ ಇದೆ, ಕೈ ಬಿಗಿ ಹಿಡಿದದ್ದಕ್ಕೆ ಸಿಗುವ ಸಣ್ಣ ಬಹುಮಾನ.

ಇನ್ನೊಂದು ನಿಯಮ ಹೇಳಲೇಬೇಕು. ಕಾಲುವೆಗಳ ಕಾಲ ಮುಗಿದಾಗ ಕಾಲುವೆಗಳನ್ನೂ ಮೊದಲ ದರ್ಜೆಯ ಹಳೇ ಗಿರಣಿ, ಗಣಿಗಳನ್ನೂ ಹಲಗೆಯಿಂದ ತೆಗೆದುಬಿಡಬೇಕು. ಎಷ್ಟೇ ಚೆಂದ ಕಟ್ಟಿರಲಿ, ಹೊಸ ಯಂತ್ರಕ್ಕೆ ಹಣ ಹಾಕದೆ ಹಳೆಯದರ ಮೇಲೇ ಕೂತವನ ಅರ್ಧ ಹಲಗೆ ಒಂದೇ ಏಟಿಗೆ ಖಾಲಿ. ಆ ಚೀಟಿಗಳನ್ನು ಎತ್ತಿ ಡಬ್ಬಿಗೆ ಹಾಕುವಾಗ ನಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಮಾವನವರು ಗಿರಣಿಯಲ್ಲಿ ದುಡಿದವರು. ಭೋಂಗಾ ನಿಂತ ಮೇಲೆ ಸೋಲಾಪುರದ ಬೆಳಗು ಹೇಗಿತ್ತೆಂಬುದನ್ನು ಅವರ ಬಾಯಿಂದ ಕೇಳಿದ್ದೆವು.

ಇಂಥ ಆಟ ನಮ್ಮ ಮನೆಮನೆಗೆ ಬಂದೀತೇ? ಸದ್ಯಕ್ಕಿಲ್ಲ. ಬೆಲೆ ತುಟ್ಟಿ, ನಿಯಮದ ಪುಸ್ತಕ ಇಂಗ್ಲಿಷಿನಲ್ಲಿ, ಎಂಟು ವರ್ಷದ ಮಗುವಿಗೆ ತಲೆ ಸುತ್ತುವಷ್ಟು ವಿವರ. ನಮ್ಮ ಓಣಿಯ ಆಟಿಕೆ ಅಂಗಡಿಯಲ್ಲಿ ಕೇಳಿದರೆ ‘ವ್ಯಾಪಾರ’ವನ್ನೇ ತೆಗೆದು ಕೈಗೆ ಕೊಡುತ್ತಾರೆ. ಹಾಗಾಗಿ ಅವನ್ನು ಕೊಳ್ಳಿರೆಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಅವುಗಳ ಉಪಾಯ ಕದಿಯಿರಿ ಎಂದು ಹೇಳಲು ಬರೆಯುತ್ತಿದ್ದೇನೆ. ಅಟ್ಲಾಂಟಿಕ್ ಸಿಟಿಯವರು ತಮ್ಮೂರ ಬೀದಿಗಳ ಹೆಸರು ಬರೆದುಕೊಂಡರಲ್ಲ, ನಾವೇಕೆ ಬರೆದುಕೊಳ್ಳಬಾರದು?

ನಾವು ಬರೆದುಕೊಂಡೆವು. ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ನಾಲ್ಕು ಅಂಗಡಿ ಬಿಡಿಸಿದೆವು. ಸರಕು ನಾಲ್ಕೇ: ಜೋಳ, ತೊಗರಿಬೇಳೆ, ಬೆಲ್ಲ, ಚಾದರ. ಹುಣಸಿ ಬೀಜ, ಕವಡೆ, ಗುಂಡಿ, ಬೆಂಕಿಕಡ್ಡಿ ಅವಕ್ಕೆ ಗುರುತು. ನೋಟು ಹೇಗೂ ಹಳೇ ಡಬ್ಬಿಯಲ್ಲಿ ಇದ್ದವು. ಪೇಟೆಯ ದರಕ್ಕೆ ಇನ್ನೊಂದು ಆಟದಿಂದ ಉಪಾಯ ತಂದೆವು. ಜರ್ಮನಿಯ ಫ್ರೀಡೆಮಾನ್ ಫ್ರೀಸೆ 2004ರಲ್ಲಿ ತಂದ ‘ಪವರ್ ಗ್ರಿಡ್’ ಎಂಬ ಆ ಆಟದಲ್ಲಿ ಇಂಧನ ಕೊಂಡಂತೆಲ್ಲ ಉಳಿದದ್ದು ತುಟ್ಟಿಯಾಗುತ್ತ ಹೋಗುತ್ತದೆ, ಮುಂದಿರುವವನು ಕೊನೆಗೆ ಕೊಳ್ಳಬೇಕು. ನಮ್ಮಲ್ಲೂ ಮೊದಲ ಚೀಲ ಜೋಳ ಸೋವಿ, ನಾಲ್ಕನೆಯದು ತುಟ್ಟಿ. ಗಲ್ಲಾದಲ್ಲಿ ಹೆಚ್ಚು ಇದ್ದವನಿಗೆ ಕೊನೆಯ ಪಾಳಿ.

ಗಿರಾಕಿಗಳನ್ನು ಬರೆಸಿದ್ದು ಆಯಿ. ಮೂವತ್ತು ಚೀಟಿ. ಒಂದರಲ್ಲಿ ಸಾಲಿ ಮಾಸ್ತರು, ತಿಂಗಳ ಕೊನೆಗೆ ಕೊಡುವವರು. ಇನ್ನೊಂದರಲ್ಲಿ ಮಗ್ಗದ ಕೆಲಸಗಾರ, ಪಗಾರ ಆದ ದಿನ ತಪ್ಪದೆ ಬಂದು ಕೊಡುವವನು. ದ್ರಾಕ್ಷಿ ತೋಟದವನು, ಹಣ್ಣು ಮಾರಿದ ಮೇಲೇ ಕೊಡುವವನು. ಮದುವೆ ಮನೆಯವರು, ಎಲ್ಲ ಸರಕೂ ಒಮ್ಮೆಲೆ ಬೇಕೆನ್ನುವವರು. ಊರು ಬಿಟ್ಟು ಹೋಗಿಬಿಡುವ ಒಬ್ಬನ ಚೀಟಿಯೂ ಇತ್ತು. ಅದನ್ನು ಬರೆಸುವಾಗ ಆಯಿ ನಗಲಿಲ್ಲ. ಪ್ರತಿ ಸುತ್ತಿಗೂ ಐದು ಚೀಟಿ ತೆಗೆಯುವುದು. ಗಿರಾಕಿ ಕಡಿಮೆ ದರ ಹೇಳಿದ ಅಂಗಡಿಗೆ ಹೋಗುತ್ತಾನೆ. ದರ ಒಂದೇ ಆದರೆ ಹಿಂದೆ ಉದ್ರಿ ಕೊಟ್ಟವರ ಅಂಗಡಿಗೆ.

ಮೊದಲ ದಿನ ಆಟ ಕೆಟ್ಟಿತು. ದೊಡ್ಡ ಹುಡುಗಿ ಒಬ್ಬರಿಗೂ ಉದ್ರಿ ಕೊಡಲಿಲ್ಲ, ರೊಕ್ಕ ಕೈಯಲ್ಲಿ, ಸರಕು ಮೂಲೆಯಲ್ಲಿ, ಗಿರಾಕಿ ಪಕ್ಕದಲ್ಲಿ. ಅವಳ ತಮ್ಮ ಕೇಳಿದವರಿಗೆಲ್ಲ ಕೊಟ್ಟ. ಅಂಗಡಿ ತುಂಬ ಜನ, ನಾಲ್ಕನೇ ಸುತ್ತಿಗೆ ಸರಕು ತರಲು ರೊಕ್ಕವೇ ಇಲ್ಲ. ‘‘ನನಗ ಬರೂದು ಬಾಳ ಐತಿ, ನಾನ ಗೆದ್ದೇನಿ’’ ಎಂದು ಅವನ ವಾದ. ‘‘ಬರೂದು ಬ್ಯಾರೆ, ಬಂದದ್ದು ಬ್ಯಾರೆ’’ ಎಂದು ಅಕ್ಕ. ಇಬ್ಬರೂ ಆಯಿಯ ಕಡೆ ನೋಡಿದರು.

ಆಯಿ ಒಂದು ನಿಯಮ ಸೇರಿಸಿದರು. ಎಷ್ಟು ಗಿರಾಕಿಗೆ ಉದ್ರಿ ಎಂಬುದನ್ನು ಅಂಗಡಿ ತೆರೆಯುವ ಮೊದಲೇ ಕಾಗದದ ಮೇಲೆ ಬರೆದಿಡಬೇಕು, ಬರೆದದ್ದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮರುದಿನದಿಂದ ಆಟ ಕುದುರಿತು. ಮಕ್ಕಳು ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಖಾತೆ ಪುಸ್ತಕವೊಂದನ್ನು ತಂದು ಅದರ ಖಾಲಿ ಹಾಳೆಗಳಲ್ಲಿ ಜಮಾ, ಖರ್ಚು, ಬಾಕಿ ಎಂದು ಕನ್ನಡದಲ್ಲೇ ಗೆರೆ ಹಾಕಿಕೊಂಡರು. ಶಾಲೆಯಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಲೆಕ್ಕ ಕಲಿಯುವ ಹುಡುಗರಿಗೆ ‘ಅಸಲು’ ಅಂದರೇನು, ‘ಮುದ್ದತು’ ಅಂದರೇನು ಎಂದು ಯಾರೂ ಪಾಠ ಮಾಡಬೇಕಾಗಲಿಲ್ಲ. ಗಡಿಭಾಗದ ನಮ್ಮ ಕನ್ನಡ ಶಾಲೆಗಳ ಮಾಸ್ತರರು ಇದನ್ನೊಮ್ಮೆ ನಾಲ್ಕನೇ, ಐದನೇ ಇಯತ್ತೆಯ ಗಣಿತದ ತಾಸಿನಲ್ಲಿ ಆಡಿಸಿ ನೋಡಬೇಕು. ಬೇಕಾದದ್ದು ಹಳೇ ಕ್ಯಾಲೆಂಡರ್ ಒಂದು, ಹುಣಸಿ ಬೀಜ ಒಂದು ಹಿಡಿ. ಸರಕು ಮಾತ್ರ ನಿಮ್ಮ ಊರಿನದಿರಲಿ. ಕಾಸರಗೋಡಿನವರು ಅಡಿಕೆ ಇಟ್ಟುಕೊಳ್ಳಲಿ, ಆದೋನಿಯವರು ಹತ್ತಿ ಇಟ್ಟುಕೊಳ್ಳಲಿ.

ನಮ್ಮ ಆಟದಲ್ಲಿ ಒಂದು ತಕರಾರು ಇನ್ನೂ ಉಳಿದಿದೆ. ನಾಲ್ಕೂ ಅಂಗಡಿಗೆ ಬಾಡಿಗೆ ಇರಬೇಕೋ ಬೇಡವೋ ಎಂಬುದು. ಆಯಿ ನಲವತ್ತು ವರ್ಷ ಬಾಡಿಗೆ ಅಂಗಡಿಯಲ್ಲೇ ಕೂತವರು, ಇರಲೇಬೇಕು ಎನ್ನುತ್ತಾರೆ. ಆ ರೊಕ್ಕ ಯಾರಿಗೆ ಹೋಗಬೇಕು ಎಂದು ಹುಡುಗಿ ಕೇಳಿದಳು. ಮೇಗಿಯ ಕತೆ ಹೇಳಿ, ನಡುವೆ ಒಂದು ಬಟ್ಟಲಿಟ್ಟು ಅದಕ್ಕೆ ಹಾಕೋಣ, ಅದು ತುಂಬಿದಾಗ ಪೇಟೆಗೆ ರಸ್ತೆ ಮಾಡಿಸೋಣ, ಎಲ್ಲರಿಗೂ ಸರಕು ಸೋವಿಯಾಗಲಿ ಎಂದೆ. ತಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಬಾಡಿಗೆ ತೆಗೆದುಕೊಳ್ಳುವ ಐದನೆಯ ಆಟಗಾರ ತಾನೇ ಆಗುತ್ತಾನಂತೆ. ‘‘ಅಂಗಡಿ ಯಾರ ನಡಸ್ತೀರಿ ನಡಸ್ರಿ, ನಾ ಮಾಲಕ’’ ಎಂದು ಗೋಡೆಗೆ ಒರಗಿ ಕಾಲು ಚಾಚಿ ಕೂತುಬಿಟ್ಟ. ದೀಪಾವಳಿ ರಜೆಗೆ ನೋಡೋಣವೆಂದು ಕ್ಯಾಲೆಂಡರ್ ಸುತ್ತಿ ಅಟ್ಟಕ್ಕೆ ಹಾಕಿದ್ದೇವೆ.